ಕುಲುಮೆಯಿಂದ ಬಂದ ಕಾಗದಕ್ಕೆ ಉತ್ತರ

ಸಾಗರ ತಾಲ್ಲೂಕಿನಲ್ಲಿ ಕುಲುಮೆ ನಡೆಸುವ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯ ದರೋಡೆ ಲೇಖನದಲ್ಲಿ ‘ಮಾರಕಾಸ್ತ್ರಗಳು ಯಾವ ಕಮ್ಮಾರನ ಅಂಗಡಿಯಲ್ಲಾದರೂ ಸುಲಭವಾಗಿ ಸಿಗುತ್ತವೆ’ ಎಂದು ನಾವು ಬರೆದಿದ್ದೆವು. ‘ಮೂರು ತಲೆಮಾರಿನಿಂದ ಕತ್ತಿ, ಕುಡುಗೋಲು ಮಾಡಿಕೊಂಡು ಬಂದವರು ನಾವು. ಹಾಗಾದರೆ ದರೋಡೆಯಲ್ಲಿ ನನಗೂ ಪಾಲಿದೆಯೇ?’ ಎಂದು ಅವರು ಕೇಳಿದ್ದಾರೆ. ಒಮ್ಮೆ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಎರಡಡಿ ಉದ್ದದ ಲಾಂಗು ಬೇಕೆಂದರಂತೆ. ಇವರು ಆಗುವುದಿಲ್ಲ ಎಂದು ಕಳಿಸಿದರಂತೆ. ಪೊಲೀಸರಿಗೆ ಹೇಳಬೇಕಿತ್ತಾ ಎಂಬುದು ಎರಡನೇ ಪ್ರಶ್ನೆ.

ಪ್ರಿಯ ಓದುಗರೇ,

ಮೊದಲು ಕ್ಷಮೆ ಕೇಳುತ್ತೇನೆ. ಆ ಸಾಲನ್ನು ಅಚ್ಚಿಗೆ ಕಳಿಸುವ ಮುಂಚೆ ಕೊನೆಯದಾಗಿ ಓದಿದವನು ನಾನೇ. ನನಗೆ ಏನೂ ಅನ್ನಿಸಲಿಲ್ಲ. ‘ಮಾರಕಾಸ್ತ್ರ’ ಎಂಬ ಪದ ಪೊಲೀಸ್ ಪ್ರಕಟಣೆಗಳಲ್ಲಿ ದಿನಾ ಬರುತ್ತದೆ. ಮಚ್ಚಿಗೂ ಅದೇ ಪದ, ಕಬ್ಬಿಣದ ರಾಡಿಗೂ ಅದೇ, ಕ್ರಿಕೆಟ್ ಬ್ಯಾಟಿಗೂ ಅದೇ. ಓದಿ ಓದಿ ನಮಗೆ ಅದರ ಅರ್ಥವೇ ಸವೆದುಹೋಗಿತ್ತು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಹದ ಕೊಟ್ಟು ಕತ್ತಿ ಮಾಡುವ ನಿಮಗೆ ಆ ಪದ ಹೇಗೆ ಚುಚ್ಚುತ್ತದೆ ಎಂದು ಕಾಗದ ಓದಿದ ಮೇಲೆ ಗೊತ್ತಾಯಿತು.

ಕಾನೂನು ನಿಮ್ಮ ಪರವಾಗಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧ ಎಂದರೇನು ಎಂದು ಹೇಳುವಾಗ, ಮನೆಗೆಲಸ ಮತ್ತು ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ. ಆ ಕಾಯ್ದೆಯ 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳ ಪಟ್ಟಿಯಿದೆ. ತಲವಾರು, ಬಾಕು, ಭರ್ಜಿ ಆ ಪಟ್ಟಿಯಲ್ಲಿವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಇವಕ್ಕೆ ಲೈಸೆನ್ಸ್ ಬೇಕು. ಅಲ್ಲಿಯೂ ಬೇಸಾಯದ ಹತಾರಗಳನ್ನು ಬಿಟ್ಟಿದ್ದಾರೆ. ಅಂದರೆ ಉದ್ದವೊಂದನ್ನೇ ಅಳೆದರೆ ಸಾಲದು, ಯಾವ ಕೆಲಸಕ್ಕೆ ಮಾಡಿದ್ದು ಎಂದೂ ನೋಡಬೇಕು. ಆ ವ್ಯತ್ಯಾಸ ನಿಮ್ಮಷ್ಟು ಚೆನ್ನಾಗಿ ಯಾವ ವಕೀಲರಿಗೂ ಗೊತ್ತಿರಲಾರದು. ಸೊಪ್ಪು ಸವರುವ ಕತ್ತಿಗೆ ಮೂತಿ ಬಾಗಿರಬೇಕು. ಎಳನೀರು ಕೆತ್ತುವ ಮಚ್ಚಿಗೆ ತೂಕ ಬೇಕು. ಆ ಹುಡುಗರು ಕೇಳಿದ ಲಾಂಗಿಗೆ ತೋಟದಲ್ಲಿ ಏನು ಕೆಲಸವಿದೆ?

ನ್ಯಾಯಾಲಯಗಳೂ ವಸ್ತುವಿನ ಹೆಸರು ನೋಡಿ ತೀರ್ಮಾನಿಸುವುದಿಲ್ಲ. ಕಲ್ಲು ಕೂಡ ಅದರ ಗಾತ್ರ, ಹರಿತ ನೋಡಿದರೆ ಅಪಾಯಕಾರಿ ಆಯುಧ ಆಗಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಅದಕ್ಕೂ ಮುಂಚೆ, 2004ರಲ್ಲಿ, ಮನುಷ್ಯನ ಹಲ್ಲನ್ನು ಮಾರಕ ಆಯುಧ ಎನ್ನಲಾಗದು ಎಂದಿತ್ತು. ದರೋಡೆಯ ವಿಷಯದಲ್ಲಿ 1975ರ ತೀರ್ಪು ಮುಖ್ಯ. ಚಾಕುವನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಿಂತರೂ ಸಾಕು, ಬಳಸಿದಂತೆಯೇ ಲೆಕ್ಕ. ಇರಿಯಬೇಕೆಂದೇನಿಲ್ಲ. ಹಾಗೆ ಮಾಡಿದವನಿಗೆ ಕನಿಷ್ಠ 7 ವರ್ಷ ಜೈಲು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಎದುರಿಗಿದ್ದವರ ಹೆದರಿಕೆಯನ್ನೂ ಕಾನೂನು ಗಾಯದಂತೆ ನೋಡಿದೆ. ಇದು ನನಗೆ ತುಂಬ ಸರಿ ಅನ್ನಿಸುತ್ತದೆ.

ಆದರೆ ನಮ್ಮ ವರದಿಗಾರರ ಆತಂಕವೂ ಸುಮ್ನೆ ಹುಟ್ಟಿದ್ದಲ್ಲ. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಎಟಿಎಂ ಒಂದರಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಹಣ ತೆಗೆಯಲು ಹೋದ ಮಹಿಳೆಯ ಹಿಂದೆಯೇ ಒಬ್ಬ ಒಳಗೆ ಬಂದು ಶಟರ್ ಎಳೆದ. ಮಚ್ಚಿನಿಂದ ಹೊಡೆದ. ಅವರು ಬದುಕಿದರು, ಆದರೆ ದೇಹ ಮೊದಲಿನಂತೆ ಆಗಲಿಲ್ಲ. ಆರೋಪಿ ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಶಿಕ್ಷೆಯಾಗಿದ್ದು 2021ರಲ್ಲಿ. ಆ ಸಿಸಿಟಿವಿ ದೃಶ್ಯವನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದರು! ನಾವೂ ಆಗ ಮಚ್ಚಿನ ಬಗ್ಗೆಯೇ ಜಾಸ್ತಿ ಮಾತಾಡಿದೆವು. ಎಟಿಎಂಗೆ ಕಾವಲು ಯಾಕಿರಲಿಲ್ಲ ಎಂದು ಇನ್ನೂ ಜೋರಾಗಿ ಕೇಳಬೇಕಿತ್ತು.

ಈಚಿನ ದೊಡ್ಡ ದರೋಡೆಗಳಲ್ಲಿ ಪಿಸ್ತೂಲು ಮುಂದೆ ಬಂದಿದೆ. 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿದರು. ಒಬ್ಬರ ಪ್ರಾಣ ಹೋಯಿತು. ಮರುದಿನವೇ ಉಳ್ಳಾಲದ ಹತ್ತಿರ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಮುಸುಕು ಹಾಕಿದವರು ನುಗ್ಗಿದರು. ಇಂಥ ಪಿಸ್ತೂಲು ನಿಮ್ಮ ಕುಲುಮೆಯಲ್ಲಿ ಆಗುವಂಥದ್ದಲ್ಲ. ಬಿಹಾರದ ಮುಂಗೇರ್ ಕಡೆಯ ಅಕ್ರಮ ಕಾರ್ಖಾನೆಗಳ ಹೆಸರು ವರ್ಷಗಳಿಂದ ಕೇಳಿಬರುತ್ತಿದೆ. ಅವು ಯಾವ ಕೈಗಳನ್ನು ದಾಟಿ ನಮ್ಮ ಊರುಗಳಿಗೆ ಬರುತ್ತವೆ ಎಂದು ನಮ್ಮ ಲೇಖನ ಕೇಳಬೇಕಿತ್ತು. ಅದನ್ನು ಬಿಟ್ಟು ಕಮ್ಮಾರರ ಕಡೆ ಬೆರಳು ತೋರಿಸಿದ್ದು ನಮ್ಮ ತಪ್ಪು.

ಪೊಲೀಸರ ಮೇಲಿನ ಹಲ್ಲೆಗಳಲ್ಲಿ ಎಷ್ಟೋ ಸಲ ಕೈಗೆ ಸಿಕ್ಕಿದ್ದೇ ಆಯುಧ. ಕೋಟೆಕಾರು ಪ್ರಕರಣದ ಆರೋಪಿಯೊಬ್ಬ ಮಹಜರಿನ ವೇಳೆ ಬಾಟಲಿಯಿಂದ ಹಲ್ಲೆ ಮಾಡಿದ, ಅದಕ್ಕೇ ಕಾಲಿಗೆ ಗುಂಡು ಹಾರಿಸಿದೆವು ಎಂದು ಪೊಲೀಸರು ತಿಳಿಸಿದ್ದರು. ರಾತ್ರಿ ಗಸ್ತಿನಲ್ಲಿ ಲಾಠಿ ಹಿಡಿದು ಒಬ್ಬಂಟಿಯಾಗಿ ಹೋಗುವ ಕಾನ್‌ಸ್ಟೆಬಲ್ ಬಗ್ಗೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಹಾಗೆಂದು ‘ಕಾಲಿಗೆ ಗುಂಡೇಟು’ ಸುದ್ದಿಯನ್ನು ಪ್ರಶ್ನೆ ಕೇಳದೆ ಅಚ್ಚು ಹಾಕುವುದೂ ಸರಿಯಲ್ಲ. ಎನ್‌ಕೌಂಟರ್ ಸಾವುಗಳ ತನಿಖೆಗೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಗಳು, ಸಾಧ್ಯವಾದ ಮಟ್ಟಿಗೆ ತೀವ್ರ ಗಾಯದ ಪ್ರಕರಣಗಳಿಗೂ ಅನ್ವಯಿಸುತ್ತವೆ.

ಇನ್ನು ಆ ಹುಡುಗರ ವಿಷಯ. ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಕುಲುಮೆಯ ಬಾಗಿಲು ರಸ್ತೆಗೇ ತೆರೆದಿರುತ್ತದೆ, ಅವರು ಮತ್ತೆ ಬರಬಹುದು. ಬೇಡ ಎಂದು ಕಳಿಸಿದ್ದೇ ದೊಡ್ಡ ಕೆಲಸ. ಬಂದ ಕಾಸನ್ನು ಬಿಟ್ಟಿರಿ, ಅಲ್ವಾ? ಇನ್ನೊಮ್ಮೆ ಹಾಗಾದರೆ ಬೈಕಿನ ನಂಬರ್ ಗುರುತು ಹಾಕಿಕೊಳ್ಳಿ. ನಿಮಗೆ ಪರಿಚಯವಿರುವ ಬೀಟ್ ಪೊಲೀಸರಿಗೆ ಹೇಳಿ. ಹೆದರಿಸಿದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ.

ನಮ್ಮ ಕಡೆಯಿಂದ ಇಷ್ಟು: ಆ ಸಾಲಿಗೆ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಇನ್ನು ಮೇಲೆ ಮಚ್ಚನ್ನು ಮಚ್ಚು, ಪಿಸ್ತೂಲನ್ನು ಪಿಸ್ತೂಲು, ಬಾಟಲಿಯನ್ನು ಬಾಟಲಿ ಎಂದೇ ಬರೆಯುತ್ತೇವೆ. ವಶಪಡಿಸಿಕೊಂಡ ಲಾಂಗುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟ ಫೋಟೋಗಳನ್ನೂ ಹಾಕುವುದಿಲ್ಲ. ನೀವು ಕೇಳಿಕೊಂಡಂತೆ ನಿಮ್ಮ ಹೆಸರು, ಊರು ಎಲ್ಲೂ ಹಾಕಿಲ್ಲ.

— ಸಂಪಾದಕ