ಓಟದ ಜೊತೆಗಾರ್ತಿ ಸ್ನೇಹಿತೆಯಾದದ್ದು ಯಾವಾಗ

ನೀವು ಕೇಳಿರುವುದು ಇಷ್ಟು: ವಯಸ್ಸು 34, ಕೆಲಸಕ್ಕಾಗಿ ಹುಬ್ಬಳ್ಳಿಗೆ ಬಂದು ಎಂಟು ತಿಂಗಳಾಗಿದೆ, ಕಚೇರಿಯ ಹೊರಗೆ ಮಾತನಾಡಲು ಒಬ್ಬರೂ ಇಲ್ಲ. ಬೆಳಿಗ್ಗೆ ಓಡುವವರ ಜೊತೆ ಸೇರಿಕೊಳ್ಳಿ ಎಂದು ಯಾರೋ ಹೇಳಿದ್ದಾರೆ. ಆ ಪರಿಚಯ ಓಟದ ಹೊತ್ತಿಗೇ ಮುಗಿದುಹೋಗುತ್ತದೆಯೇ, ಸ್ನೇಹವಾಗಿ ಉಳಿಯುತ್ತದೆಯೇ? ಅಪರಿಚಿತರೊಡನೆ ಮಾತು ತೆಗೆಯುವುದೇ ಕಷ್ಟವಾದವರು ಏನು ಮಾಡಬೇಕು?

ಉಳಿಯುತ್ತದೆ. ನನಗೆ ಉಳಿದಿದೆ. ಆದರೆ ಹಾಗೆ ಉಳಿದದ್ದು ಓಟದ ವೇಗದಿಂದಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಕಾದು ನಿಂತದ್ದರಿಂದ. ಅದು ನನಗೆ ತಿಳಿದದ್ದು ತಡವಾಗಿ, ಸ್ವಲ್ಪ ನೋವಿನ ನಂತರ. ಅದನ್ನೇ ಹೇಳುತ್ತೇನೆ.

2016ರಲ್ಲಿ ಶಿವಮೊಗ್ಗದಿಂದ ಮೈಸೂರಿಗೆ ನನಗೆ ವರ್ಗವಾಯಿತು. ಆಗ ನನಗೆ 37. ಮಗನ ಶಾಲೆ, ಬ್ಯಾಂಕಿನ ಕೆಲಸ, ಅಡುಗೆ ಇವುಗಳ ನಡುವೆ ನನ್ನದೆಂದು ಉಳಿದದ್ದು ಬೆಳಗಿನ ಒಂದು ಗಂಟೆ ಮಾತ್ರ. ಕುಕ್ಕರಹಳ್ಳಿ ಕೆರೆ ಮನೆಗೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ಸುತ್ತಲೂ ಮರಗಳ ನೆರಳಿನ ಮಣ್ಣಿನ ದಾರಿ, ಒಂದು ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ನೀರಿನ ನಡುವಿನ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಕುಳಿತಿರುತ್ತವೆ. ಮೈಸೂರಿನಲ್ಲಿ ನನಗೆ ಮೊದಲು ಪರಿಚಯವಾದವು ಆ ಹಕ್ಕಿಗಳೇ.

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ, ಇನ್ನೂ ಕತ್ತಲೆ. ಗೇಟಿನ ಬಳಿ ಒಬ್ಬ ಹೆಂಗಸು ಬಗ್ಗಿ ಷೂ ದಾರ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು ಅವರನ್ನು ಎರಡು ಸಲ ನೋಡಿದ್ದೆ. ಅವರೇ ತಲೆಯೆತ್ತಿ, “ಒಬ್ಬರೇ ಬಂದಿದ್ದೀರಾ? ಆಚೆ ತಿರುವಿನಲ್ಲಿ ನಾಯಿಗಳಿವೆ, ಒಟ್ಟಿಗೆ ಹೋಗೋಣ” ಎಂದರು. ಹೋದೆವು. ಸುತ್ತು ಮುಗಿದ ಮೇಲೆ, “ಗುರುವಾರ ಬರುತ್ತೀರಾ?” ಎಂದು ಕೇಳಿದರು. ಬರುತ್ತೇನೆ ಎಂದೆ. ಹೆಸರು ಕೇಳಿಕೊಂಡದ್ದು ಎರಡನೆಯ ವಾರ, ಫೋನ್ ನಂಬರ್ ಅದಕ್ಕೂ ಆಮೇಲೆ. ಅವರು ಆಸ್ಪತ್ರೆಯೊಂದರಲ್ಲಿ ನರ್ಸ್, ನನಗಿಂತ ಐದು ವರ್ಷ ದೊಡ್ಡವರು.

ಮಾತು ಕಷ್ಟ ಎಂದು ಬರೆದಿದ್ದೀರಿ. ಇಲ್ಲಿ ಓಟ ಮಾಡುವ ಉಪಕಾರ ದೊಡ್ಡದು. ಮನೆಗೆ ಬಂದವರ ಎದುರು ಕುಳಿತರೆ ಮಾತು ನಿಂತ ಕೂಡಲೇ ಇಬ್ಬರಿಗೂ ಕಸಿವಿಸಿ. ಕಾಫಿ ಲೋಟ ಬರಿದಾದರೆ ಎದ್ದು ಹೋಗಬೇಕು. ಓಡುವಾಗ ಇಬ್ಬರ ಕಣ್ಣೂ ದಾರಿಯ ಮೇಲಿರುತ್ತದೆ. ಸುಮ್ಮನಿದ್ದರೆ ಅದು ಉಸಿರಿನ ಸಲುವಾಗಿ, ಯಾರೂ ತಪ್ಪು ತಿಳಿಯುವುದಿಲ್ಲ. ಮುಖ ನೋಡಿ ಹೇಳಲಾಗದ ಮಾತು ಪಕ್ಕದಲ್ಲಿರುವವರಿಗೆ ಹೇಳಲು ಬರುತ್ತದೆ. ಅಮ್ಮನ ಮರೆವಿನ ಕಾಯಿಲೆಯ ವಿಷಯ ನಾನು ಮೊದಲು ಬಾಯಿಬಿಟ್ಟದ್ದು ಎರಡನೆಯ ಸುತ್ತಿನ ಏರಿನಲ್ಲಿ, ನಾಲ್ಕು ನಾಲ್ಕು ಪದಗಳ ತುಂಡುಗಳಲ್ಲಿ. ಅವರು ಏನೂ ಕೇಳಲಿಲ್ಲ, ಹೆಜ್ಜೆಯನ್ನು ಸ್ವಲ್ಪ ನಿಧಾನ ಮಾಡಿದರು. ನನಗೆ ಅಷ್ಟು ಸಾಕಾಗಿತ್ತು.

ಇದಕ್ಕೆ ಮೈಯ ಕಾರಣವೂ ಇದ್ದೀತು. 2009ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಅಲ್ಲಿನ ದೋಣಿ ಹುಟ್ಟು ಹಾಕುವ ಹನ್ನೆರಡು ಮಂದಿಯನ್ನು ಪರೀಕ್ಷಿಸಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಒಬ್ಬೊಬ್ಬರೇ ಅಭ್ಯಾಸ ಮಾಡಿದಾಗಿನದಕ್ಕಿಂತ ತಂಡವಾಗಿ ಅಷ್ಟೇ ಶ್ರಮ ಪಟ್ಟಾಗ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು; ನೋವು ತಗ್ಗಿಸಿ ಜನರನ್ನು ಹತ್ತಿರ ತರುವ ರಾಸಾಯನಿಕಗಳು ಮೈಯಲ್ಲಿ ಹೆಚ್ಚಾದದ್ದರ ಗುರುತು ಅದು ಎಂಬುದು ಸಂಶೋಧಕರ ಊಹೆ. ಒಂದೇ ಲಯದಲ್ಲಿ ಮೈ ದಣಿಸಿಕೊಂಡವರ ನಡುವೆ ಏನೋ ಆಗುತ್ತದೆ ಎಂಬುದನ್ನು ನಮ್ಮ ಊರಿನ ನಾಟಿ ಗದ್ದೆಗಳಲ್ಲಿ ಸಾಲಾಗಿ ಬಗ್ಗಿ ಹಾಡುತ್ತಿದ್ದ ಹೆಂಗಸರನ್ನು ನೋಡಿ ಬೆಳೆದ ನಾನು ಸುಲಭವಾಗಿ ನಂಬುತ್ತೇನೆ.

ಇನ್ನು ಎಷ್ಟು ಕಾಲ ಬೇಕು ಎಂಬುದು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಒಂದು ಲೆಕ್ಕ ಕೊಟ್ಟರು: ಪರಿಚಯ ಸಾಮಾನ್ಯ ಸ್ನೇಹವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆ, ಸ್ನೇಹ ಎನ್ನಿಸಲು ಸುಮಾರು 90, ಆಪ್ತತೆಗೆ 200ಕ್ಕೂ ಹೆಚ್ಚು. ನಾವು ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಓಡುತ್ತಿದ್ದೆವು. 200 ಗಂಟೆಯಾಗಲು ಒಂದೂಕಾಲು ವರ್ಷ ಬೇಕು. ನೀವು ಎಂಟು ತಿಂಗಳಲ್ಲಿ ಯಾರೂ ಸಿಗಲಿಲ್ಲ ಎಂದು ಕುಗ್ಗಿದ್ದೀರಲ್ಲ, ಅದಕ್ಕೇ ಈ ಲೆಕ್ಕ ಬರೆದೆ. ಕಾಲೇಜಿನಲ್ಲಿ ಇಷ್ಟು ಗಂಟೆಗಳು ಎರಡು ತಿಂಗಳಲ್ಲಿ ತಾವಾಗಿಯೇ ಒದಗುತ್ತಿದ್ದವು. ಈಗ ಅವನ್ನು ಒಂದೊಂದಾಗಿ ಕೂಡಿಸಬೇಕು.

ನಮ್ಮ ವಿಷಯದಲ್ಲಿ ಆ ಲೆಕ್ಕ ಹೆಚ್ಚುಕಡಿಮೆ ಸರಿಹೊಂದಿತು. 2017ರ ಧನುರ್ಮಾಸದಲ್ಲಿ ಒಂದು ಭಾನುವಾರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನ ದಾರಿಯಲ್ಲಿ ಹತ್ತಿದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಸುಮಾರು ಏಳುನೂರು ಹತ್ತಿದರೆ ದೊಡ್ಡ ನಂದಿ. ಅಲ್ಲಿಗೆ ಬರುವ ಮೊದಲೇ ನನಗೆ ಕಣ್ಣು ಕತ್ತಲೆಯಾಗಿ ಗೋಡೆ ಹಿಡಿದುಕೊಂಡೆ. ಅವರು ಎರಡು ಮೆಟ್ಟಿಲು ಮೇಲಿನಿಂದ ತಿರುಗಿ, “ನಿಲ್ಲು, ಕೂತುಕೋ, ನೀರು ಕುಡಿ” ಎಂದರು. ಹದಿನೈದು ತಿಂಗಳು ‘ಬನ್ನಿ’, ‘ಹೋಗಿ’ ಎನ್ನುತ್ತಿದ್ದ ಬಾಯಲ್ಲಿ ಬಹುವಚನ ಅಲ್ಲೇ ಉದುರಿಹೋಯಿತು. ಆಮೇಲೆ ಅದು ಮರಳಿ ಬರಲಿಲ್ಲ. ನಾನು ಅವರನ್ನು ‘ಅಕ್ಕ’ ಎನ್ನಲು ಆರಂಭಿಸಿದ್ದೂ ಅಂದೇ. ಗೌರವದ ‘ನೀವು’ ನನ್ನ ಕಡೆಯಿಂದ ಇಂದಿಗೂ ಇದೆ. ಆದರೆ ಆ ‘ಕುಡಿ’ ಎಂಬ ಎರಡಕ್ಷರದಲ್ಲಿ ನನಗೆ ಈ ಊರು ನನ್ನದಾಯಿತು.

ಎಲ್ಲವೂ ಸುಸೂತ್ರವಾಗಿತ್ತು ಎನ್ನಲಾರೆ. 2018ರಲ್ಲಿ ನಾನು ಒಂದು ಓಟದ ಕೈಗಡಿಯಾರ ಕೊಂಡೆ, ನಲವತ್ತು ಜನರ ಒಂದು ಗುಂಪಿಗೂ ಸೇರಿದೆ. ಅಕ್ಕನಿಗೆ ಒಂದು ಕಿಲೋಮೀಟರ್‌ಗೆ ಎಂಟು ನಿಮಿಷ ಬೇಕು, ನನಗೆ ಆ ಹೊತ್ತಿಗೆ ಆರೂವರೆ ಸಾಕಾಗುತ್ತಿತ್ತು. ಒಂದು ಗುರುವಾರ ಅವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಕೆರೆಗೆ ಬಂದಿದ್ದರು. ನಾನು ನನ್ನ ವೇಗ ಹಿಡಿದು ಮುಂದೆ ಹೋದೆ. ಸುತ್ತು ಮುಗಿಸಿ ನೋಡಿದರೆ ಗೇಟಿನ ಬಳಿ ಅವರಿಲ್ಲ. ಅರ್ಧ ದಾರಿಯಿಂದಲೇ ಹಿಂದಿರುಗಿ ಮನೆಗೆ ಹೋಗಿದ್ದರು. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, “ನಿದ್ದೆ ಬಿಟ್ಟು ಬಂದಿದ್ದೆ ಕಣಮ್ಮ” ಎಂದಷ್ಟೇ ಹೇಳಿದರು. ಆ ಮಾತು ನನ್ನೊಳಗೆ ಇನ್ನೂ ಇದೆ. ಅಂದಿನಿಂದ ಮಂಗಳವಾರ, ಗುರುವಾರ, ಭಾನುವಾರ ಅವರ ವೇಗವೇ ನನ್ನ ವೇಗ. ಜೋರಾಗಿ ಓಡಬೇಕೆಂದರೆ ಶನಿವಾರ ಒಬ್ಬಳೇ ಓಡುತ್ತೇನೆ.

ಮರುವರ್ಷ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ, 2008ರಿಂದ ನಡೆಯುತ್ತಿದೆಯಲ್ಲ ಅದಕ್ಕೆ, ಇಬ್ಬರೂ ಹೆಸರು ಕೊಟ್ಟೆವು. ಫೆಬ್ರವರಿಯಲ್ಲಿ ನನಗೆ ಹಿಮ್ಮಡಿ ನೋವು ಶುರುವಾಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದಂತೆ. ವೈದ್ಯರು ಮೂರು ತಿಂಗಳು ಓಡಬೇಡಿ ಎಂದರು. ದೊಡ್ಡ ಗುಂಪಿನವರು ಮೊದಲ ವಾರ ವಿಚಾರಿಸಿದರು, ಎರಡನೆಯ ವಾರ ಮರೆತರು. ಅವರನ್ನು ದೂರುವುದಿಲ್ಲ, ಅವರು ಸೇರಿದ್ದೇ ಓಡುವುದಕ್ಕೆ. ಅಕ್ಕ ಮಾತ್ರ ಎಂದಿನಂತೆ ಮಂಗಳವಾರ 5.40ಕ್ಕೆ ಫೋನ್ ಮಾಡಿ, “ಗೇಟಿನ ಹತ್ತಿರ ಇದ್ದೇನೆ” ಎಂದರು. ಕಾಲು ನೋವಲ್ಲವೇ ಎಂದೆ. “ನಡೆಯಲು ಬರುತ್ತದಲ್ಲ, ಆಗುವಷ್ಟು ನಡೆ.” ನಿಮ್ಮ ಅಭ್ಯಾಸ ನನ್ನಿಂದ ಕೆಡಬಾರದು ಎಂದಾಗ ಅವರಿಗೆ ಸಿಟ್ಟು ಬಂತು: “ನಾನು ಬೆಳಿಗ್ಗೆ ಐದಕ್ಕೆ ಏಳುವುದು ಓಡುವುದಕ್ಕೆ ಎಂದುಕೊಂಡಿದ್ದೀಯಾ?”

ಮೂರು ತಿಂಗಳು ಅರ್ಧ ಸುತ್ತು, ಕೆಲವು ದಿನ ಕಾಲು ಸುತ್ತು ನಡೆದೆವು, ಉಳಿದ ಹೊತ್ತು ಕಲ್ಲುಬೆಂಚಿನ ಮೇಲೆ ಕುಳಿತು ಹೆಜ್ಜಾರ್ಲೆ ನೋಡಿದೆವು. ಆ ಮೇ ತಿಂಗಳಲ್ಲಿ ಅವರು ಒಬ್ಬರೇ ಓಡಿದರು; ನಾನು ಕಬ್ಬನ್ ಪಾರ್ಕಿನ ಬಳಿ ಅವರ ಚೀಲ ಹಿಡಿದು ನಿಂತಿದ್ದೆ. ಸ್ವಂತ ಓಟ ಮುಗಿಸಿದಾಗ ಬಾರದ ಕಣ್ಣೀರು ಅಂದು ಬಂತು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಆ ಮೂರು ತಿಂಗಳು.

ಹಾಗಾಗಿ ದೊಡ್ಡ ಗುಂಪನ್ನು ಹುಡುಕುವ ಗೋಜಿಗೆ ಹೋಗಬೇಡಿ ಎಂದೇ ಹೇಳುತ್ತೇನೆ. ಅಲ್ಲಿ ಅಂಗಿಯ ಬಣ್ಣ ಒಂದೇ ಇರುತ್ತದೆ, ಒಬ್ಬರು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನೀವು ಬಾರದಿದ್ದರೆ ಗೇಟಿನ ಬಳಿ ಕಾಯುವ ಒಬ್ಬರು, ಇಬ್ಬರು ಸಾಕು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯೋ ನೃಪತುಂಗ ಬೆಟ್ಟವೋ, ಯಾವುದು ಮನೆಗೆ ಹತ್ತಿರವೋ ಅಲ್ಲಿಗೆ ಹೋಗಿ. ಒಂದೇ ಜಾಗ, ಒಂದೇ ಸಮಯ, ವಾರದ ಅದೇ ದಿನಗಳು, ಇದನ್ನು ಬದಲಿಸಬೇಡಿ. ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟು ನಿಧಾನವಾಗಿ ಓಡಿ, ಉಸಿರು ಕಟ್ಟುವಂತೆ ಓಡುವವರ ಪಕ್ಕಕ್ಕೆ ಯಾರೂ ಬರುವುದಿಲ್ಲ. ಎರಡು ಮೂರು ವಾರದಲ್ಲಿ ಅದೇ ಹೊತ್ತಿಗೆ ಬರುವ ನಿಮ್ಮ ವೇಗದವರು ಒಬ್ಬರು ಕಣ್ಣಿಗೆ ಬೀಳುತ್ತಾರೆ. ಮೊದಲು ತಲೆ ಬಾಗಿಸಿ, ಆಮೇಲೆ ನಗಿ.

ಮೂರನೆಯ ಸಲ ಸಿಕ್ಕಾಗ ಅಕ್ಕ ನನ್ನನ್ನು ಕೇಳಿದ್ದನ್ನೇ ಕೇಳಿ: “ಗುರುವಾರ ಬರುತ್ತೀರಾ?” ಅವರು ಬರುತ್ತೇನೆ ಎಂದರೆ, ಆ ಗುರುವಾರ ಮಳೆಯಿದ್ದರೂ ಐದು ನಿಮಿಷ ಮೊದಲೇ ಹೋಗಿ ನಿಂತಿರಿ.