ಸಂಪಾದಕರ ಉತ್ತರ: ಕಂಪ್ಯೂಟರಿಗೆ ನಮ್ಮ ಮಳೆ ಗೊತ್ತಾ?

ಮಳೆ, ನೀರು, ಬೆಳೆಯಂಥವನ್ನು ಲೆಕ್ಕದಲ್ಲಿ ಕಟ್ಟಿ ಮುಂದೇನಾದೀತು ಎಂದು ನೋಡುವ ಕಂಪ್ಯೂಟರ್ ಮಾಡೆಲ್‌ಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಎಸಿ ರೂಮಿನ ಕಂಪ್ಯೂಟರಿಗೆ ಮಲೆನಾಡಿನ ಮಳೆ ಏನು ಗೊತ್ತು, ಅದನ್ನು ನಂಬಿ ಅಭಿವೃದ್ಧಿ ಮಾಡುವುದು ಜ್ಯೋತಿಷ್ಯ ಕೇಳಿದ ಹಾಗೇ ಅಲ್ವಾ ಎನ್ನುವುದು ಅವರ ಪ್ರಶ್ನೆ. ತಂದೆಯ ಕಾಲದಲ್ಲಿ ತೋಟದ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಅಟ್ಟದ ಮೇಲಿವೆ, ಅವುಗಳಿಂದ ಏನಾದರೂ ಉಪಯೋಗ ಇದೆಯಾ ಎಂದೂ ಕೇಳಿದ್ದಾರೆ.

ಸಾರ್, ಜ್ಯೋತಿಷಿಯೂ ಲೆಕ್ಕ ಹಾಕುತ್ತಾರೆ, ನಿಜ. ಆದರೆ ಆ ಲೆಕ್ಕ ತಪ್ಪೆಂದು ಪೆನ್ಸಿಲ್ ಹಿಡಿದು ತೋರಿಸಲು ನಿಮಗೆ ಆಗುವುದಿಲ್ಲ. ಮಾಡೆಲ್‌ನದ್ದು ತೋರಿಸಬಹುದು.

ನಿಮ್ಮ ತಾಲ್ಲೂಕಿನದ್ದೇ ನೋಡಿ. ಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯವರು ವರ್ಷಕ್ಕೆ 24 ಟಿಎಂಸಿ (ಶತಕೋಟಿ ಘನ ಅಡಿ) ನೀರು ಸಿಗುತ್ತದೆ ಎಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 9.55 ಟಿಎಂಸಿ ಎಂದಿತು. ಹಳ್ಳ ಅದೇ, ಮಳೆ ಅದೇ, ಇಬ್ಬರದ್ದೂ ಲೆಕ್ಕವೇ. ಯಾರನ್ನು ನಂಬುವುದು? ನೀರು ಬರುವ ಜಾಗ ಸುಮಾರು 180 ಚದರ ಕಿಲೋಮೀಟರ್. ಒಂದು ಟಿಎಂಸಿ ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿಯನ್ನು ಅಷ್ಟೂ ಜಾಗಕ್ಕೆ ಹರಡಿದರೆ ಸುಮಾರು 3,770 ಮಿಲಿಮೀಟರ್ ನಿಲ್ಲುತ್ತದೆ. ತೋಟದ ಲೆಕ್ಕದಲ್ಲಿ 148 ಇಂಚು. ಅಷ್ಟು ಮಳೆ ಬಿದ್ದರೆ ಸಾಲದು, ಅಷ್ಟು ನೀರು ಹಳ್ಳಕ್ಕೆ ಇಳಿಯಬೇಕು. ಮರ ಕುಡಿದದ್ದು, ಮಣ್ಣು ಹೀರಿದ್ದು, ಆವಿಯಾಗಿ ಹೋದದ್ದು ಬೇರೆ. 9.55 ಟಿಎಂಸಿಗೆ ಇದೇ ಲೆಕ್ಕ ಹಾಕಿದರೆ 59 ಇಂಚು. ನಿಮ್ಮ ಕಡೆ ವರ್ಷಕ್ಕೆ ಎಷ್ಟು ಇಂಚು ಬೀಳುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನನಗಂತೂ ಎರಡನೆಯದೇ ಜಾಸ್ತಿ ನಂಬುವ ಹಾಗಿದೆ.

ನೋಡಿ, ಇಲ್ಲಿ ತಕರಾರು ಕಂಪ್ಯೂಟರಿನದ್ದಲ್ಲ. ಅದಕ್ಕೆ ಏನು ತುಂಬಿದರು, ಏನು ಬಿಟ್ಟರು ಎಂದು ಊರಿನವರು ಕೇಳುವ ಮೊದಲೇ ಕಾಮಗಾರಿ ಶುರುವಾಗುತ್ತದಲ್ಲ, ತಕರಾರು ಅದು.

ಈ ವಿದ್ಯೆ ಹೊಸದೇನೂ ಅಲ್ಲ. 1972ರಲ್ಲೇ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ತಂಡವೊಂದು ವರ್ಲ್ಡ್3 ಎಂಬ ಮಾಡೆಲ್ ಇಟ್ಟುಕೊಂಡು ಜನಸಂಖ್ಯೆ, ಆಹಾರ, ಕೈಗಾರಿಕೆ, ಮಾಲಿನ್ಯ, ಖನಿಜ ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ ನೋಡಿತ್ತು. ಖನಿಜ ಎರಡು ಪಟ್ಟು ಇದೆ ಎಂದುಕೊಂಡರೂ ಮಾಲಿನ್ಯ ಏರಿ ಕೊನೆಗೆ ಎಲ್ಲ ಕುಸಿಯುತ್ತದೆ ಎಂದು ಬಂತು. ಇದು ಭವಿಷ್ಯವಾಣಿ ಅಲ್ಲ, 'ಹೀಗೆ ಮಾಡಿದರೆ ಹೀಗಾದೀತು' ಅಷ್ಟೇ ಎಂದು ಅವರೇ ಹೇಳಿದ್ದರು. ಇಡೀ ಭೂಮಿಯನ್ನು ಒಂದೇ ಊರು ಎಂದುಕೊಂಡ ಲೆಕ್ಕ ಎಂದು ಬೈಸಿಕೊಂಡದ್ದೂ ಉಂಟು.

ಮಳೆಗಿಂತ ಮನುಷ್ಯರದ್ದು ಕಷ್ಟ. ನಮ್ಮ ಹಾಸನದ ಆಲೂಗಡ್ಡೆಗೆ ಬರುವ ಅಂಗಮಾರಿ ರೋಗವನ್ನೇ ತೆಗೆದುಕೊಳ್ಳಿ. ಅದಕ್ಕೆ ತಂಪು, ತೇವ ಎರಡೂ ಬೇಕು. ಹವಾಮಾನದ ಅಂಕಿ ಸಿಕ್ಕರೆ ರೋಗ ಬರುವ ಸಾಧ್ಯತೆಯನ್ನು ಮುಂಚೆಯೇ ಹೇಳಬಹುದು. ಆದರೆ ಬೆಳೆ ಕೈಕೊಟ್ಟ ರೈತ ಮುಂದಿನ ವರ್ಷ ಮುಸುಕಿನ ಜೋಳ ಹಾಕುತ್ತಾನೋ, ಶುಂಠಿ ಹಾಕುತ್ತಾನೋ? ಸಾಲ ಎಷ್ಟಿದೆ, ಕೂಲಿಯಾಳು ಸಿಗುತ್ತಾರಾ, ಪಕ್ಕದ ಹೊಲದವನು ಏನು ಹಾಕಿದ, ಎಲ್ಲವೂ ಸೇರುತ್ತದೆ. ಒಬ್ಬೊಬ್ಬ ರೈತನನ್ನೂ ಬೇರೆಬೇರೆ ಇಟ್ಟು, ಒಬ್ಬರನ್ನು ನೋಡಿ ಇನ್ನೊಬ್ಬರು ಮನಸ್ಸು ಬದಲಿಸುವಂತೆ ಕಟ್ಟಿದ ಮಾಡೆಲ್‌ಗಳು ಈಗ ಇವೆ. ದಾರಿ ಒಳ್ಳೆಯದೇ. ಆದರೆ ಅದಕ್ಕೆ ಊರಿಗೆ ಬಂದು, ಜಗಲಿ ಮೇಲೆ ಕೂತು ಕೇಳುವ ತಾಳ್ಮೆ ಬೇಕು. ಸುಮ್ನೆ ಉಪಗ್ರಹದ ಚಿತ್ರ ನೋಡಿದರೆ ಸಾಲ ಕಾಣುವುದಿಲ್ಲ.

ಇನ್ನು ನಿಮ್ಮ ಪುಸ್ತಕಗಳು. ದಯವಿಟ್ಟು ರದ್ದಿಗೆ ಹಾಕಬೇಡಿ. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಸರ್ಕಾರಿ ಮಳೆಮಾಪಕ ಇರುವುದು ಅಲ್ಲೊಂದು ಇಲ್ಲೊಂದು, ನಡುವಿನ ಜಾಗವನ್ನು ಮಾಡೆಲ್ ಅಂದಾಜಿನಲ್ಲೇ ತುಂಬುತ್ತದೆ. ಆ ಅಂದಾಜು ಸರಿಯೋ ತಪ್ಪೋ ಎಂದು ನೋಡಲು ನಿಮ್ಮಂಥ ತೋಟದ ದಾಖಲೆಯೇ ಬೇಕು. ಮಾಪಕ ಯಾವ ಜಾಗದಲ್ಲಿತ್ತು, ನಡುವೆ ಜಾಗ ಬದಲಾಯಿತಾ, ಬೆಳಗ್ಗೆ ಎಷ್ಟು ಗಂಟೆಗೆ ಅಳೆಯುತ್ತಿದ್ದರು, ನೆನಪಿದ್ದಷ್ಟು ಮೊದಲ ಪುಟದಲ್ಲಿ ಬರೆದಿಡಿ. ಖಾಲಿ ಬಿಟ್ಟ ದಿನ ಮಳೆ ಇರಲಿಲ್ಲವೋ, ಅಳೆಯಲಿಲ್ಲವೋ ಎನ್ನುವುದೂ ಮುಖ್ಯ. ಇವು ಉಪಯೋಗಕ್ಕೆ ಬರುತ್ತವಾ ಎಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಒಮ್ಮೆ ಕೇಳಿ ನೋಡಿ. ಇಂಚು, ಸೆಂಟನ್ನು (ಇಂಚಿನ ನೂರರಲ್ಲೊಂದು ಪಾಲು) ಮಿಲಿಮೀಟರ್ ಮಾಡಲು ಈಗಲೇ ಹೋಗಬೇಡಿ. ಬರೆದದ್ದನ್ನು ಬರೆದ ಹಾಗೇ ಪುಟಪುಟವೂ ಫೋಟೋ ತೆಗೆದು, ಎರಡು ಕಡೆ ಇಟ್ಟುಕೊಳ್ಳಿ.

— ಸಂ.