ಮನೆ ಮುಂದಿನ ಬಾದಾಮಿ ಮರದ ಬೇರು ಸ್ಯಾನಿಟರಿ ಪೈಪಿಗೆ ನುಗ್ಗಿದೆ. ಮರ ಕಡಿಸುವುದೋ, ಆ್ಯಸಿಡ್ ಸುರಿಯುವುದೋ?

ಎರಡೂ ಬೇಡ. ಮೂವತ್ತು ವರ್ಷದ ಮನೆ, ಜೇಡಿಮಣ್ಣಿನ ಪೈಪು, ಮೂರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಓದುತ್ತಿದ್ದ ಹಾಗೆ ನಮ್ಮ ಓಣಿಯ ವಾಸನೆ ಮತ್ತೆ ಮೂಗಿಗೆ ಬಡಿಯಿತು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ 1986ರಲ್ಲಿ ಕಟ್ಟಿಸಿದ ಮನೆ. ಬಚ್ಚಲು, ಕಕ್ಕಸು ಎರಡೂ ಹಿಂಭಾಗದಲ್ಲಿವೆ. ಅಲ್ಲಿಂದ ಕಾಂಪೌಂಡಿನ ಪಕ್ಕದ ಓಣಿಯುದ್ದಕ್ಕೂ ಹಾದು ಬೀದಿಯ ಒಳಚರಂಡಿಯನ್ನು ಸೇರುವ ನಾಲ್ಕು ಇಂಚಿನ ಪೈಪಿನ ಉದ್ದ 42 ಅಡಿ. ಮರವನ್ನು ಮಾತ್ರ ಯಾರೂ ನೆಟ್ಟದ್ದಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅತ್ತಿ ಬೀಜ ಕಾಂಪೌಂಡಿನ ಬುಡದಲ್ಲಿ ಮೊಳೆತಿತ್ತು. ಕಿತ್ತುಹಾಕೋಣ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿಬಿಟ್ಟಿದ್ದರು. ಔದುಂಬರ ವೃಕ್ಷ, ದತ್ತಾತ್ರೇಯನ ಸನ್ನಿಧಾನ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಬಾವಿ ತೋಡುವ ಹಳಬರು ಅತ್ತಿ ಮರ ಕಂಡಲ್ಲಿ ನೀರಿದೆ ಎಂದು ಲೆಕ್ಕ ಹಾಕುತ್ತಿದ್ದರಂತೆ. ನಮ್ಮ ಅತ್ತಿ ಕಂಡುಕೊಂಡದ್ದು ಎಂಥ ನೀರು ಎಂಬುದು ನಮಗೆ ತಿಳಿದದ್ದು ಇಪ್ಪತ್ತು ವರ್ಷಗಳ ನಂತರ.

2014ರಲ್ಲಿ ಶುರುವಾಯಿತು. ಕಕ್ಕಸಿನಲ್ಲಿ ನೀರು ಬಿಟ್ಟರೆ ಪಕ್ಕದ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಎನ್ನುವ ಸದ್ದು. ಆಮೇಲೆ ನೀರು ಅರ್ಧ ಏರಿ, ಯೋಚಿಸಿ, ನಿಧಾನವಾಗಿ ಇಳಿಯುವುದು. ಪ್ಲಂಬರ್ ಬಂದು ಚೇಂಬರಿನ, ಅಂದರೆ ಪೈಪನ್ನು ತೆರೆದು ನೋಡಲು ಕಟ್ಟಿದ ಇಟ್ಟಿಗೆಯ ಗುಂಡಿಯ, ಮುಚ್ಚಳ ತೆಗೆದು ಬಿದಿರಿನ ದಬ್ಬೆ ತೂರಿಸಿ ಆಡಿಸಿದರು. ದಬ್ಬೆಯ ತುದಿಗೆ ಸುತ್ತಿಕೊಂಡು ಹೊರಬಂದದ್ದು ಕುದುರೆಯ ಬಾಲದಂಥ ಒಂದು ಜೊಂಪೆ, ನನ್ನ ಎತ್ತರಕ್ಕಿಂತ ಉದ್ದ. ಬುಡದಲ್ಲಿ ಪೆನ್ಸಿಲ್ ದಪ್ಪ, ತುದಿಯಲ್ಲಿ ಕೂದಲಿನಷ್ಟು ಸಣ್ಣ. ಅಮ್ಮ ಅದನ್ನು ನೋಡಿ "ಪಾಪ, ಅದಕ್ಕೂ ಬಾಯಾರಿಕೆ ಇರುವುದಿಲ್ಲವೇ?" ಎಂದರು. ನಾನು ಪ್ಲಂಬರಿಗೆ ಎಂಟುನೂರು ರೂಪಾಯಿ ಕೊಟ್ಟು ಕಳುಹಿಸಿದೆ.

ಮುಂದಿನ ಎರಡು ವರ್ಷ ನೀವು ಈಗ ಮಾಡುತ್ತಿರುವುದನ್ನೇ ಮಾಡಿದೆ. ಕಟ್ಟಿಕೊಂಡಾಗ ದಬ್ಬೆ, ಒಮ್ಮೆ ಪೈಪಿನೊಳಗೆ ಸುರುಳಿ ತಂತಿ ತಿರುಗಿಸುವ ಸ್ಪ್ರಿಂಗ್ ಮಷಿನ್, ನಡುವೆ ಅಂಗಡಿಯಿಂದ ತಂದ ಆ್ಯಸಿಡ್. ಆ್ಯಸಿಡ್ ಬಗ್ಗೆ ನೀವು ಕೇಳಿದ್ದರಿಂದ ಹೇಳುತ್ತೇನೆ. ಕೊಳಚೆ ನೀರು ಪೈಪಿನ ತಳದಲ್ಲಿ ತೆಳ್ಳಗೆ ಹರಿಯುತ್ತದೆ, ಆ್ಯಸಿಡ್ಡೂ ಅದರ ಜೊತೆ ಅಲ್ಲೇ ಹರಿದು ಹೋಗುತ್ತದೆ. ಜಾಯಿಂಟಿನ ಮೇಲ್ಭಾಗದಿಂದಲೋ ಪಕ್ಕದಿಂದಲೋ ಇಳಿಬಿದ್ದ ಬೇರಿನ ಕಾಲ ತುದಿ ಸುಟ್ಟೀತು, ಅಷ್ಟೆ. ಆದರೆ ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ. ನಿಮ್ಮ ಪೈಪಿನ ಜಾಯಿಂಟುಗಳೆಲ್ಲ ಸಿಮೆಂಟಿನವು. ಬೇರಿಗೆ ಬಾಗಿಲು ತೆರೆದುಕೊಡುವ ಕೆಲಸಕ್ಕೆ ನೀವೇ ದುಡ್ಡು ಕೊಟ್ಟಂತಾಗುತ್ತದೆ. ಮೈಲುತುತ್ತ ಹಾಕಿ ಎಂದೂ ಯಾರಾದರೂ ಹೇಳುತ್ತಾರೆ. ಅದು ತಾಗಿದಷ್ಟು ಬೇರು ಸಾಯುತ್ತದೆ, ನಿಜ. ಸತ್ತ ಬೇರು ಕರಗಿ ಮಾಯವಾಗುವುದಿಲ್ಲ, ಹಿಂದಿನಿಂದ ಹೊಸದು ಬರುವುದೂ ನಿಲ್ಲುವುದಿಲ್ಲ. ಸೆಪ್ಟಿಕ್ ಟ್ಯಾಂಕ್ ಇರುವವರಂತೂ ಅದರ ಹತ್ತಿರ ಸುಳಿಯಬಾರದು. ತ್ಯಾಜ್ಯವನ್ನು ಕೊಳೆಯಿಸುವ ಬ್ಯಾಕ್ಟೀರಿಯಾವನ್ನೂ ಮೈಲುತುತ್ತದಲ್ಲಿರುವ ತಾಮ್ರ ಕೊಲ್ಲುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

2016ರಲ್ಲಿ ಆ ಪ್ಲಂಬರೇ ದಬ್ಬೆಯನ್ನು ಪೈಪಿನೊಳಗೆ ತಡೆಯುವವರೆಗೆ ತೂರಿಸಿ, ಚೇಂಬರಿನ ಅಂಚಿಗೆ ಗುರುತು ಹಾಕಿ ಹೊರಗೆಳೆದು, ಅದನ್ನೇ ನೆಲದ ಮೇಲೆ ಇಟ್ಟು ಅಳೆದರು. ದಬ್ಬೆಯ ತುದಿ ಸರಿಯಾಗಿ ಅತ್ತಿ ಮರದ ಎದುರಿಗೆ ಬಂತು. ಅಲ್ಲಿ ಎರಡೂವರೆ ಅಡಿ ಅಗೆದಾಗ ಮೂರು ಜಾಯಿಂಟುಗಳಲ್ಲಿ ಬೇರು ನುಗ್ಗಿತ್ತು. ಹಳೆಯ ಜೇಡಿ ಪೈಪು ಎರಡೆರಡು ಅಡಿಯ ತುಂಡುಗಳಲ್ಲಿ ಬರುತ್ತದೆ. ಒಂದರ ಅಗಲ ಬಾಯಿಗೆ ಇನ್ನೊಂದರ ತುದಿಯನ್ನು ಕೂರಿಸಿ, ಸಂದಿಗೆ ಸೆಣಬಿನ ಹುರಿ ತುರುಕಿ, ಮೇಲೆ ಸಿಮೆಂಟ್ ಮೆತ್ತುತ್ತಾರೆ. ಅಂದರೆ 42 ಅಡಿಗೆ ಇಪ್ಪತ್ತು ಜಾಯಿಂಟುಗಳು. ಮಣ್ಣು ಒಂದಿಷ್ಟು ಕುಸಿದರೂ ಯಾವುದೋ ಒಂದು ಬಿರುಕು ಬಿಡುತ್ತದೆ. ಬಿರುಕಿನಿಂದ ತೇವ ಹೊರಬರುತ್ತದೆ. ಆ ತೇವದ ಕಡೆಗೆ ಬೇರು ಬೆಳೆಯುತ್ತದೆ. ಗಟ್ಟಿಯಾಗಿರುವ, ಸೋರದ ಪೈಪನ್ನು ಒಡೆದುಕೊಂಡು ಒಳನುಗ್ಗುವ ಶಕ್ತಿ ಕೂದಲೆಳೆಯ ಬೇರಿಗೆ ಇಲ್ಲ. ಮೊದಲು ಸೋರುವುದು ಪೈಪು, ಆಮೇಲೆ ಬರುವುದು ಬೇರು. ಒಳಗೆ ಹೊಕ್ಕು ಸಂದಿನಲ್ಲಿ ಕೂತು ದಪ್ಪವಾದ ಮೇಲೆ ಅದು ಪೈಪನ್ನು ಸೀಳುತ್ತದೆ ಎಂಬುದು ಬೇರೆ ಮಾತು.

ಪ್ಲಂಬರ್ ಹೇಳಿದರು: "ಪೂರ್ತಿ ಬದಲಾಯಿಸಿಬಿಡಿ ಸಾರ್. ತುಂಡು ಹಾಕಿಸಿದರೆ ಮತ್ತೆ ನನ್ನನ್ನೇ ಕರೆಯುತ್ತೀರಿ." ಪೂರ್ತಿ ಪಿವಿಸಿ ಹಾಕಲು 31,000 ರೂಪಾಯಿ, ಕೆಟ್ಟ ಆರು ಅಡಿಗೆ ಮಾತ್ರ 9,500. ನಾನು ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಮೂರು ಜಾಯಿಂಟು ಕೆಟ್ಟಿದ್ದಕ್ಕೆ ಇಪ್ಪತ್ತು ಜಾಯಿಂಟಿನ ದುಡ್ಡು ಏಕೆ ಕೊಡಬೇಕು? ಇವರಿಗೆ ಕೆಲಸ ಬೇಕು, ಅದಕ್ಕೆ ಹೀಗೆ ಹೇಳುತ್ತಾರೆ ಎಂದುಕೊಂಡೆ. ಆರು ಅಡಿಯೇ ಸಾಕು ಎಂದೆ.

ಆ ಆರು ಅಡಿ ಪಿವಿಸಿಗೆ ಎರಡು ತುದಿಗಳು. ಕೆಳಗಿನ ತುದಿಯನ್ನು ಜೇಡಿ ಪೈಪಿನ ಅಗಲ ಬಾಯಿಯೊಳಗೆ ಇಟ್ಟು, ಸುತ್ತ ಉಳಿದ ಬೆರಳು ತೂರುವಷ್ಟು ಸಂದಿಗೆ ಸಿಮೆಂಟ್ ತುಂಬಿದರು. ಮೇಲಿನ ತುದಿಯಲ್ಲಿ ಜೇಡಿ ಪೈಪು ಪಿವಿಸಿಗಿಂತ ದಪ್ಪ, ಒಂದರೊಳಗೆ ಒಂದು ಹೋಗುವುದಿಲ್ಲ. ಹಾಗಾಗಿ ಮೂತಿಗೆ ಮೂತಿ ತಾಗಿಸಿ, ಗಾಯಕ್ಕೆ ಬಟ್ಟೆ ಸುತ್ತಿದಂತೆ ಸುತ್ತಲೂ ಸಿಮೆಂಟಿನ ಪಟ್ಟಿ ಹಾಕಿದರು. ನೋಡಲು ಬಂಡೆಯ ಹಾಗಿತ್ತು. ನಾನೇ ಎರಡು ದಿನ ನೀರು ಚಿಮುಕಿಸಿ ಕ್ಯೂರಿಂಗ್ ಮಾಡಿದೆ.

ಪಿವಿಸಿಯ ಮೈ ನುಣುಪು. ಅದಕ್ಕೆ ಸಿಮೆಂಟ್ ಅಂಟುವುದಿಲ್ಲ, ಸುಮ್ಮನೆ ಸುತ್ತಿಕೊಂಡಿರುತ್ತದೆ. ಒಣಗುವಾಗ ಸಿಮೆಂಟ್ ತಾನೂ ಕೊಂಚ ಕುಗ್ಗುತ್ತದೆ. ಇದರ ಮೇಲೆ ಇನ್ನೊಂದು ವಿಷಯ: ಬಿಸಿಗೆ ಪಿವಿಸಿ ಹಿಗ್ಗುವುದು ಸಿಮೆಂಟಿಗಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಮನೆಯಲ್ಲಿ ಭಾನುವಾರ ಎಣ್ಣೆ ಸ್ನಾನ. ಹಂಡೆಗಟ್ಟಲೆ ಸುಡುನೀರು ಆ ಪೈಪಿನಲ್ಲಿ ಹೋಗುತ್ತದೆ, ಹಿಂದೆಯೇ ತಣ್ಣೀರು. ಆರು ಅಡಿಯ ಪೈಪು ಇಪ್ಪತ್ತು ಡಿಗ್ರಿ ಬಿಸಿಯಾದರೆ ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಹಿಗ್ಗಿತು, ಕುಗ್ಗಿತು, ಸಿಮೆಂಟಿನ ಹಿಡಿತ ಬಿಟ್ಟಿತು. ಕೂದಲಿನಷ್ಟು ಸಣ್ಣ ಬೇರಿಗೆ ಎಷ್ಟು ಜಾಗ ಬೇಕು ಹೇಳಿ? ಹಳೆಯ ಪೈಪಿನಲ್ಲಿ ಆ ಬಿರುಕು ಬೀಳಲು ವರ್ಷಗಟ್ಟಲೆ ಬೇಕಾಗಿತ್ತು. ನಾನು ದುಡ್ಡು ಕೊಟ್ಟು ಮರದ ಬುಡದಲ್ಲಿಯೇ, ಅಗೆದು ಸಡಿಲವಾದ ಮಣ್ಣಿನಲ್ಲಿಯೇ, ಅಂಥ ಎರಡು ಜಾಯಿಂಟು ಮಾಡಿಸಿಕೊಟ್ಟಿದ್ದೆ. ತುಂಡರಿಸಿದ ಬೇರಿನ ಬಾಯಿಯಿಂದ ಹತ್ತಾರು ಹೊಸ ಎಳೆಗಳು ಒಡೆಯುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಷ್ಟ ಸಣ್ಣದಾಗಿರುತ್ತಿತ್ತು. ಪೈಪಿನ ಕಾಟ ತೀರಿತು ಎಂಬ ಧೈರ್ಯದಲ್ಲಿ 2017ರಲ್ಲಿ ಓಣಿಗೆ ಪೂರ್ತಿ ಕಾಂಕ್ರೀಟ್ ಹಾಕಿಸಿ ಟೈಲ್ಸ್ ಹಾಸಿಸಿದೆ. ಚಂದ ಕಾಣುವುದಿಲ್ಲವೆಂದು ನಡುವಿನ ಚೇಂಬರನ್ನೂ ಟೈಲ್ಸಿನ ಕೆಳಗೆ ಮುಚ್ಚಿಸಿದೆ. ಹೌದು, ಮುಚ್ಚಿಸಿದೆ.

2018ರಲ್ಲಿ ಅಪ್ಪನ ತಿಥಿಯ ದಿನ. ಬೆಳಗ್ಗೆ ಹನ್ನೊಂದು ಜನರ ಸ್ನಾನ. ಏಳನೆಯವರು ಸ್ನಾನಕ್ಕೆ ನಿಂತಾಗ ಬಚ್ಚಲಿನ ಜಾಲರಿಯಿಂದ ನೀರು ಕೆಳಗೆ ಹೋಗುವ ಬದಲು ಮೇಲೆ ಬಂತು, ಬರಬಾರದ್ದನ್ನೆಲ್ಲ ಜೊತೆಗೆ ತಂದಿತು. ಪುರೋಹಿತರು ಮಡಿಯುಟ್ಟು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ. ನಮ್ಮ ಭಾವ ಮಾತ್ರ "ಆ ಮರ ಕಡಿಸು ಎಂದು ಅಂದೇ ಹೇಳಿದ್ದೆ" ಎಂದರು. ಉಳಿದ ನಾಲ್ವರು ಎದುರು ಮನೆಯಲ್ಲಿ ಸ್ನಾನ ಮಾಡಿ ಬಂದರು.

ಟೈಲ್ಸ್ ಒಡೆದು ಅಗೆದಾಗ ಬೇರು ಬಂದದ್ದು ಆ ಎರಡು ತುದಿಗಳಲ್ಲಿಯೇ. ಪಿವಿಸಿಯ ಮೈಯ ಮೇಲೆ, ಸಿಮೆಂಟಿನ ಪಟ್ಟಿಯ ಒಳಗೆ, ಬಲೆ ನೇಯ್ದಂತೆ ಕೂತಿತ್ತು. ಪ್ಲಂಬರ್ ಹಳಬರೇ. ನನ್ನ ಮುಖ ನೋಡಿ ಏನೂ ಹೇಳದೆ ಬೀಡಿ ಹಚ್ಚಿಕೊಂಡರು. ಈ ಸಲ ಪೂರ್ತಿ ಪೈಪಿಗೆ 46,000, ಕಾಂಕ್ರೀಟು ಟೈಲ್ಸಿಗೆ ಮತ್ತೆ 38,000. ಮೊದಲಿನ 9,500 ನೀರಿಗೆ, ಅದೂ ಎಂಥ ನೀರಿಗೆ. ಒಟ್ಟು 93,500. ಅಂದು 21,500 ಉಳಿಸಲು ಹೋಗಿ 62,500 ಹೆಚ್ಚು ತೆತ್ತೆ. ಈ ಲೆಕ್ಕವನ್ನು ನಾನು ನಿವೃತ್ತಿಯ ಲೆಕ್ಕಕ್ಕಿಂತ ಹೆಚ್ಚು ಸಲ ಹಾಕಿದ್ದೇನೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮರವೋ ಆ್ಯಸಿಡ್ಡೋ ಎಂಬ ಆಯ್ಕೆಯಲ್ಲಿ ಪೈಪು ಎಲ್ಲಿದೆ? ಬಾದಾಮಿ ಮರ ಕಡಿಸಿದಿರಿ ಎಂದುಕೊಳ್ಳಿ. ಪೈಪಿನೊಳಗಿನ ಬೇರು ಅಲ್ಲೇ ಕೊಳೆತು, ಅದು ತುಂಬಿದ್ದ ಸಂದು ಬಾಯ್ದೆರೆದು, ಮಣ್ಣು ಒಳಗೆ ಬೀಳುತ್ತದೆ, ಕೊಳಚೆ ಹೊರಗೆ ಸೋರುತ್ತದೆ. ಪಕ್ಕದ ಮನೆಯವರ ತೆಂಗಿನ ಬೇರು ಆ ತೇವಕ್ಕೆ ಬರುವುದಿಲ್ಲ ಎಂದು ಯಾರು ಹೇಳಿದರು? ಅಲ್ಲದೆ ಮನೆ ಮುಂದೆ ಪಾದಚಾರಿ ಮಾರ್ಗದಲ್ಲಿರುವ ಮರ ನಿಮ್ಮದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ.

ಮಾಡಬೇಕಾದದ್ದು ಇಷ್ಟು. ಮನೆಯಿಂದ ಬೀದಿಯವರೆಗೆ ಒಂದೇ ಜಾತಿಯ ಪೈಪು ಹಾಕಿಸಿ. ನೆಲದಡಿ ಹೂಳಲೆಂದೇ ಬರುವ ದಪ್ಪ ಪಿವಿಸಿ ಕೇಳಿ, ಮಳೆನೀರಿಗೆ ಹಾಕುವ ತೆಳು ಪೈಪಲ್ಲ. ಅದು ಮೂರು ಮೀಟರ್, ಆರು ಮೀಟರ್ ಉದ್ದ ಬರುತ್ತದೆ, ಇಪ್ಪತ್ತು ಜಾಯಿಂಟಿನ ಜಾಗದಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ನಾಲ್ಕು ಇಂಚಿನ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿ ಇಳಿಜಾರು, ಕೆಳಗೆ ಮರಳಿನ ಹಾಸು. ಪೈಪು ಇಟ್ಟಿಗೆಯ ಚೇಂಬರಿನ ಗೋಡೆ ಹೊಕ್ಕುವ ಕಡೆ ಮಾತ್ರ ಪಿವಿಸಿಗೆ ಸಿಮೆಂಟ್ ತಾಗಲೇಬೇಕು. ಅಲ್ಲಿ ನಿಂತು ನೋಡಿ. ಪೈಪಿನ ಮೈಗೆ ಪಿವಿಸಿ ಅಂಟು ಬಳಿದು, ಹಸಿಯಿರುವಾಗಲೇ ಮರಳು ಉದುರಿಸಿ ಒಣಗಲು ಬಿಡಬೇಕು. ಮೈ ಉಪ್ಪುಕಾಗದದಂತೆ ಒರಟಾಗುತ್ತದೆ, ಸಿಮೆಂಟ್ ಹಿಡಿಯುತ್ತದೆ. ಐದು ನಿಮಿಷದ ಕೆಲಸ. ನನಗೆ ಇದನ್ನು 2016ರಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೇಂಬರುಗಳ ಮುಚ್ಚಳ ಮೇಲೆಯೇ ಇರಲಿ, ಅಂದ ನೋಡಬೇಡಿ.

ಪೈಪಿನೊಳಗೆ ಕ್ಯಾಮೆರಾ ಬಿಡುವವರು, ಅಗೆಯದೆಯೇ ಒಳಪದರ ಹಾಕುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಕ್ಯಾಮೆರಾ ಒಳ್ಳೆಯದು. ಮೂವತ್ತು ನಲವತ್ತು ಅಡಿಗೆ ಒಳಪದರದ ಗೊಡವೆ ಏಕೆ, ಅಗೆಯುವುದೇ ಸಲೀಸು.

ದುಡ್ಡು ಹೊಂದುವವರೆಗೆ ಸ್ಪ್ರಿಂಗ್ ಮಷಿನ್ ಆಡಿಸಿಕೊಂಡಿರಿ. ಕಟ್ಟಿಕೊಂಡ ಮೇಲೆ ಕರೆಯುವುದಕ್ಕಿಂತ ಮೂರು ತಿಂಗಳು ತುಂಬುವ ಮೊದಲೇ ಮಾಡಿಸುವುದು ಲೇಸು. ಬೀದಿಯ ಮ್ಯಾನ್‌ಹೋಲಿಗೆ ಮಾತ್ರ ಯಾರನ್ನೂ ಇಳಿಸಬೇಡಿ, ಎಷ್ಟೇ ಅವಸರವಿದ್ದರೂ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ರಕ್ಷಣಾ ಸಲಕರಣೆಯಿಲ್ಲದೆ ಹಾಗೆ ಇಳಿಸುವುದು ಅಪರಾಧ, ಕಾಯ್ದೆ ಇರಲಿ ಬಿಡಲಿ ಒಳಗಿನ ವಿಷಾನಿಲಕ್ಕೆ ಮನುಷ್ಯ ನಿಮಿಷಗಳಲ್ಲಿ ಸಾಯುತ್ತಾನೆ. ಅಲ್ಲಿಂದಾಚೆಯ ಪೈಪು ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ದೂರು ಕೊಟ್ಟು ಯಂತ್ರ ತರಿಸಿ.

ನಮ್ಮ ಅತ್ತಿ ಇನ್ನೂ ಇದೆ. ಅಮ್ಮನಿಗೆ ಈಗ ಎಂಬತ್ತಮೂರು, ಗುರುವಾರ ಪ್ರದಕ್ಷಿಣೆ ತಪ್ಪಿಸುವುದಿಲ್ಲ. ನಾನು ಯುಗಾದಿಗೆ ಮೊದಲು ಒಮ್ಮೆ, ದಸರಾಕ್ಕೆ ಮೊದಲು ಒಮ್ಮೆ ಚೇಂಬರಿನ ಮುಚ್ಚಳ ಎತ್ತಿ ಟಾರ್ಚ್ ಬಿಡುತ್ತೇನೆ. ಪೈಪಿನಲ್ಲಿ ಇದುವರೆಗೆ ಏನೂ ಇಲ್ಲ. ಹೋದ ಸಲ ಚೇಂಬರಿನ ಇಟ್ಟಿಗೆಯ ಸಂದಿನಲ್ಲಿ, ಗಾರೆ ಉದುರಿದ ಕಡೆ, ಬೆರಳುದ್ದದ ಒಂದು ಬಿಳಿ ಎಳೆ ನೇತಾಡುತ್ತಿತ್ತು. ಕತ್ತರಿಸಿ ಅಲ್ಲಿಗೆ ಹೊಸ ಗಾರೆ ಮೆತ್ತಿದ್ದೇನೆ.